ಕಾಲೇಜಿಗೆ ಹೊಸ ಮುಖ್ಯಸ್ಥರು: ಆರಿಸುವ ಹಕ್ಕು ನಮ್ಮದು, ಕೇಳಬೇಕಾದ ಮಾತು ಯಾರದು?

ಮಲ್ಲತ್ತಹಳ್ಳಿ ಹೆಸರಿನಲ್ಲಿ ಮಾತ್ರ ಹಳ್ಳಿಯಾಗಿ ಉಳಿದು ಬಹುಕಾಲವಾಯಿತು. ಬೆಂಗಳೂರಿನ ಪಶ್ಚಿಮದ ಅಂಚಿನ ಈ ಊರಿನ ಮಗ್ಗುಲಲ್ಲೇ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವಿದೆ. ಹೊರವರ್ತುಲ ರಸ್ತೆಯ ಬದಿಗೆ ಡಾ. ಅಂಬೇಡ್ಕರ್ ತಾಂತ್ರಿಕ ಮಹಾವಿದ್ಯಾಲಯ, ಕೂಗಳತೆಯ ನಾಗರಬಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆ, ಮೈಸೂರು ರಸ್ತೆಯಲ್ಲಿ ಇನ್ನಷ್ಟು ಮುಂದೆ ಸಾಗಿದರೆ ಕೆಂಗೇರಿಯ ಬಳಿ ಸಿ.ಎಂ.ಐ. ಗುರುಗಳ ಕ್ರೈಸ್ಟ್ ವಿಶ್ವವಿದ್ಯಾಲಯದ ಆವರಣ. ಹೀಗೆ ವಿದ್ಯಾಸಂಸ್ಥೆಗಳ ನಡುವೆ ಬೆಳೆದ ಊರಿನವರಿಗೆ ಸಂಸ್ಥೆಯ ಮುಖ್ಯಸ್ಥರ ಆಯ್ಕೆಯೆಂಬುದು ಪತ್ರಿಕೆಯಲ್ಲಿ ಓದಿ ಮರೆಯುವ ದೂರದ ಸುದ್ದಿಯಲ್ಲ. ಅದು ನೆರೆಮನೆಯ ವಿಷಯ.

ಈ ನೆರೆಮನೆಗಳಲ್ಲಿ ೨೦೧೯ರ ಸೆಪ್ಟೆಂಬರ್ ತಿಂಗಳಲ್ಲಿ ನಡೆದ ಎರಡು ಸಂಗತಿಗಳನ್ನು ಒಟ್ಟಿಗೆ ಇರಿಸಿ ನೋಡುವುದು ಒಳಿತು. ಮೊದಲನೆಯದು ಜ್ಞಾನಭಾರತಿಯದು. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, ೨೦೦೦ರ ಪ್ರಕಾರ ಕುಲಪತಿಗಳ ಆಯ್ಕೆಗೆ ನಾಲ್ವರ ಶೋಧನಾ ಸಮಿತಿ ರಚನೆಯಾಗಬೇಕು. ಕುಲಾಧಿಪತಿಗಳಾದ ರಾಜ್ಯಪಾಲರು, ವಿಶ್ವವಿದ್ಯಾಲಯ ಅನುದಾನ ಆಯೋಗ, ರಾಜ್ಯ ಸರ್ಕಾರ ಮತ್ತು ಸಿಂಡಿಕೇಟ್ ತಲಾ ಒಬ್ಬರನ್ನು ನಾಮಕರಣ ಮಾಡುತ್ತವೆ. ಸಮಿತಿ ಕಳುಹಿಸಿದ ಹೆಸರುಗಳಲ್ಲಿ ಒಂದನ್ನು ಕುಲಾಧಿಪತಿಗಳು ರಾಜ್ಯ ಸರ್ಕಾರದ ಸಹಮತಿಯೊಡನೆ ಆರಿಸಬೇಕು. ೨೦೧೮ರ ಜೂನ್ ತಿಂಗಳಲ್ಲಿ ನಡೆದ ನೇಮಕದಲ್ಲಿ ಈ ಸಹಮತಿ ಇರಲಿಲ್ಲವೆಂಬ ಕಾರಣಕ್ಕೆ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ೨೦೧೯ರ ಸೆಪ್ಟೆಂಬರ್‌ನಲ್ಲಿ ಅದನ್ನು ರದ್ದುಪಡಿಸಿತು. ವಿಭಾಗೀಯ ಪೀಠವು ೨೦೨೨ರ ಮಾರ್ಚ್‌ನಲ್ಲಿ ಆ ತೀರ್ಪನ್ನು ಎತ್ತಿಹಿಡಿಯುವ ಹೊತ್ತಿಗೆ ಕುಲಪತಿಗಳ ನಾಲ್ಕು ವರ್ಷದ ಅವಧಿಯೇ ಮುಗಿಯುತ್ತ ಬಂದಿತ್ತು. ವ್ಯಕ್ತಿಯ ಅರ್ಹತೆಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಕೇಳಬೇಕಾದವರನ್ನು ಕೇಳಲಿಲ್ಲವೆಂಬ ಒಂದೇ ಮಾತಿನ ಮೇಲೆ ಒಂದು ದೊಡ್ಡ ವಿಶ್ವವಿದ್ಯಾಲಯ ನಾಲ್ಕು ವರ್ಷ ನ್ಯಾಯಾಲಯದ ಮೆಟ್ಟಿಲಲ್ಲೇ ಕಳೆಯಿತು.

ಎರಡನೆಯದು ನಾಗರಬಾವಿಯದು. ಭಾರತದ ಮುಖ್ಯ ನ್ಯಾಯಮೂರ್ತಿಗಳೇ ಕುಲಾಧಿಪತಿಗಳಾಗಿರುವ ಕಾನೂನು ಶಾಲೆಯಲ್ಲಿ ಹಿಂದಿನ ಕುಲಪತಿಗಳ ಅವಧಿ ಮುಗಿದು, ಹೊಸ ಹೆಸರು ನಿಶ್ಚಯವಾಗಿದ್ದರೂ ನೇಮಕದ ಆದೇಶ ಹೊರಬೀಳದೆ ವಾರಗಳು ಉರುಳಿದವು. ಕಾರಣ ತಿಳಿಸಿರೆಂದು ವಿದ್ಯಾರ್ಥಿಗಳು ಪ್ರತಿಭಟನೆಗಿಳಿದರು. ಅದೇ ಸೆಪ್ಟೆಂಬರ್ ಕೊನೆಯಾಗುವ ಮುನ್ನ ಆದೇಶ ಬಂದಿತು. ಒಂದು ಕಡೆ ಕೇಳದೆ ನೇಮಿಸಿದರೆಂಬ ತಕರಾರು, ಇನ್ನೊಂದು ಕಡೆ ಆರಿಸಿಯೂ ನೇಮಿಸಲಿಲ್ಲವೆಂಬ ತಕರಾರು. ಎರಡೂ ಕಡೆ ಜನರನ್ನು ಕೆರಳಿಸಿದ್ದು ಬಾಗಿಲು ಮುಚ್ಚಿದ ಕೋಣೆ.

ನಮ್ಮ ಕಥೋಲಿಕ ಕಾಲೇಜುಗಳಲ್ಲಿ ಇಂತಹ ಗದ್ದಲ ಅಪರೂಪ. ಬೇಸಿಗೆಯ ರಜೆಯಲ್ಲಿ ಧರ್ಮಪ್ರಾಂತ್ಯದ ಕಾರ್ಯಾಲಯದಿಂದಲೋ ಧಾರ್ಮಿಕ ಸಭೆಯ ಪ್ರಾಂತ್ಯಾಧಿಕಾರಿಗಳಿಂದಲೋ ಒಂದು ಪತ್ರ ಬರುತ್ತದೆ. ಹಳೆಯ ಪ್ರಾಂಶುಪಾಲರು ತಮ್ಮ ಪೆಟ್ಟಿಗೆಯೊಂದನ್ನು ಎತ್ತಿಕೊಂಡು ಹೊರಡುತ್ತಾರೆ, ಹೊಸಬರು ಅಂತಹುದೇ ಪೆಟ್ಟಿಗೆಯೊಡನೆ ಬಂದಿಳಿಯುತ್ತಾರೆ. ಅಧ್ಯಾಪಕರು ರಜೆ ಮುಗಿಸಿ ಬಂದಾಗ ಬಾಗಿಲ ಮೇಲಿನ ಹೆಸರು ಬದಲಾಗಿರುತ್ತದೆ. ಈ ಪದ್ಧತಿಯನ್ನು ಹಗುರವಾಗಿ ಹಳಿಯುವುದು ನ್ಯಾಯವಲ್ಲ. ಹುದ್ದೆಗಾಗಿ ಯಾರೂ ಮಂತ್ರಿಗಳ ಮನೆಬಾಗಿಲು ಕಾಯುವುದಿಲ್ಲ, ಹಣದ ಚೀಲ ಕೈ ಬದಲಾಯಿಸುವುದಿಲ್ಲ, ಹತ್ತು ವರ್ಷ ಅಧಿಕಾರದಲ್ಲಿದ್ದವರು ಒಂದೇ ಪತ್ರಕ್ಕೆ ತಲೆಬಾಗಿ ಎದ್ದು ಹೋಗುತ್ತಾರೆ. ವಿಧೇಯತೆಯ ವ್ರತದ ಈ ಚೆಲುವು ಇತರ ಕಡೆಗಳಲ್ಲಿ ಸುಲಭವಾಗಿ ಕಾಣಸಿಗದು. ಆದರೆ ಗದ್ದಲವಿಲ್ಲದಿರುವುದೂ ಸಮ್ಮತಿಯಿರುವುದೂ ಒಂದೇ ಅಲ್ಲ.

ಈ ಪ್ರಶ್ನೆಯನ್ನು ಸಮುದಾಯ ಕಾಲೇಜಿನ ಸಂದರ್ಭದಲ್ಲಿಟ್ಟು ನೋಡಿದರೆ ಅದರ ತೀವ್ರತೆ ಹೆಚ್ಚು ಸ್ಪಷ್ಟವಾಗುತ್ತದೆ. ಸಮುದಾಯ ಕಾಲೇಜೆಂಬ ಕಲ್ಪನೆ ಹುಟ್ಟಿದ್ದು ಅಮೆರಿಕದಲ್ಲಿ. ೧೯೦೧ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಪಟ್ಟಣದಲ್ಲಿ ಪ್ರೌಢಶಾಲೆಗೆ ಎರಡು ವರ್ಷದ ಕಾಲೇಜು ಶಿಕ್ಷಣವನ್ನು ಜೋಡಿಸಿದ್ದೇ ಅದರ ಆರಂಭ. ಇಂದು ಅಲ್ಲಿ ಇಂತಹ ಕಾಲೇಜುಗಳು ಸಾವಿರದಷ್ಟಿವೆ. ಭಾರತದಲ್ಲಿ ಅದನ್ನು ಮೊದಲು ಬೇರೂರಿಸಿದವರಲ್ಲಿ ಕಥೋಲಿಕರು ಮುಂಚೂಣಿಯಲ್ಲಿದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ೧೯೯೫ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯವು ಒಂದು ಸಮುದಾಯ ಕಾಲೇಜನ್ನು ತೆರೆಯಿತು. ಮರುವರ್ಷವೇ ಮದ್ರಾಸು-ಮೈಲಾಪುರ ಮಹಾಧರ್ಮಪ್ರಾಂತ್ಯದ ಆಶ್ರಯದಲ್ಲಿ ಮದ್ರಾಸ್ ಸಮುದಾಯ ಕಾಲೇಜು ಬಾಗಿಲು ತೆರೆಯಿತು. ಯೇಸುಸಭೆಯ ಫಾದರ್ ಸೇವಿಯರ್ ಅಲ್ಫೋನ್ಸ್ ಅವರ ಶ್ರಮದಿಂದ ಅದು ಒಂದು ಚಳವಳಿಯಾಯಿತು. ಮುಂದೆ ೨೦೦೯ರಲ್ಲಿ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವೂ, ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಅನುದಾನ ಆಯೋಗವೂ ತಮ್ಮ ಯೋಜನೆಗಳನ್ನು ರೂಪಿಸಿದವು. ಶಾಲೆಯನ್ನು ನಡುವೆಯೇ ತೊರೆದವರು, ಪದವಿಯ ಕನಸನ್ನು ಕಾಣಲಾಗದವರು, ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಇವರಿಗಾಗಿ ಅಲ್ಪಾವಧಿಯ ತರಬೇತಿ, ಬದುಕಿನ ಕೌಶಲ, ಕಸುಬಿನ ಕೌಶಲ, ಕಾರ್ಖಾನೆಯಲ್ಲೋ ಆಸ್ಪತ್ರೆಯಲ್ಲೋ ಕೈಯಾರೆ ಅಭ್ಯಾಸ, ಬಳಿಕ ಒಂದು ಉದ್ಯೋಗ. ಇಷ್ಟೇ ಅದರ ಪಠ್ಯಕ್ರಮದ ತಿರುಳು.

ಇಂತಹ ಕಾಲೇಜಿಗೆ ಮುಖ್ಯಸ್ಥರಾಗುವವರು ಹೇಗಿರಬೇಕು? ಪದವಿ ಕಾಲೇಜಿನ ಪ್ರಾಂಶುಪಾಲರಿಗೆ ಅನುದಾನ ಆಯೋಗದ ೨೦೧೮ರ ನಿಯಮಾವಳಿ ಒಂದು ಅಳತೆಗೋಲನ್ನು ಕೊಟ್ಟಿದೆ: ಪಿಎಚ್‌.ಡಿ. ಪದವಿ, ಹದಿನೈದು ವರ್ಷಗಳ ಅನುಭವ, ಪ್ರಕಟವಾದ ಹತ್ತು ಸಂಶೋಧನ ಪ್ರಬಂಧಗಳು, ಐದು ವರ್ಷದ ಅವಧಿ, ಕಾರ್ಯವನ್ನು ಪರಿಶೀಲಿಸಿದ ಮೇಲೆ ಬೇಕಾದರೆ ಇನ್ನೊಂದು ಅವಧಿ. ಸಮುದಾಯ ಕಾಲೇಜಿಗೆ ಈ ಅಳತೆಗೋಲು ಸಾಲದು. ಪಶ್ಚಿಮ ಬೆಂಗಳೂರಿನಲ್ಲಿ ಅಂತಹ ಕಾಲೇಜಿನ ನಿರ್ದೇಶಕರಾದವರು ಪೀಣ್ಯದ ಕಾರ್ಖಾನೆಯ ಮಾಲೀಕನ ಮುಂದೆ ಕುಳಿತು, ‘ನಿಮಗೆ ಎಂತಹ ಕೆಲಸಗಾರ ಬೇಕು, ಅವನಿಗೆ ಎಷ್ಟು ಸಂಬಳ ಕೊಡುವಿರಿ?’ ಎಂದು ಕೇಳಬಲ್ಲವರಾಗಿರಬೇಕು. ಸಂಜೆ ಅದೇ ಹುಡುಗನ ಮನೆಗೆ ಹೋಗಿ, ಎಂಟನೆಯ ತರಗತಿಯಲ್ಲಿ ಓದು ಬಿಟ್ಟ ಮಗನನ್ನು ಮತ್ತೆ ಕಳುಹಿಸಿರೆಂದು ತಾಯಿಯನ್ನು ಒಪ್ಪಿಸಬಲ್ಲವರಾಗಿರಬೇಕು. ಅದೂ ಕನ್ನಡದಲ್ಲಿ. ಕೊನೆಯ ಮಾತನ್ನು ಒತ್ತಿ ಹೇಳಲು ಕಾರಣವಿದೆ: ಬೇರೆ ಪ್ರಾಂತ್ಯದಿಂದ ಬಂದು ನುಡಿ ಕಲಿಯುವ ಮುನ್ನವೇ ವರ್ಗವಾಗಿ ಹೋಗುವವರಿಂದ ಪದವಿ ಕಾಲೇಜು ಹೇಗೋ ನಡೆದೀತು, ಸಮುದಾಯ ಕಾಲೇಜು ನಡೆಯದು.

ಹಾಗೆಂದು ಹೊರಗಿನಿಂದ ಬಂದವರೆಲ್ಲ ಒಲ್ಲದವರೆಂದು ಭಾವಿಸಬೇಕಾಗಿಲ್ಲ. ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ೨೦೧೪ರ ಆಗಸ್ಟ್‌ನಲ್ಲಿ ಯು.ಆರ್. ಅನಂತಮೂರ್ತಿಯವರ ಅಂತ್ಯಸಂಸ್ಕಾರ ನಡೆಯಿತು. ಅವರು ೧೯೮೭ರಿಂದ ೧೯೯೧ರವರೆಗೆ ಕೇರಳದ ಕೊಟ್ಟಾಯಂನಲ್ಲಿ ಮಹಾತ್ಮಾ ಗಾಂಧಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಕ್ರೈಸ್ತ ಆಡಳಿತದ ಕಾಲೇಜುಗಳು ಹೇರಳವಾಗಿರುವ ಆ ಸೀಮೆ ಒಬ್ಬ ಕನ್ನಡಿಗನನ್ನು, ಅದರಲ್ಲೂ ಒಬ್ಬ ಕಾದಂಬರಿಕಾರನನ್ನು, ಬರಮಾಡಿಕೊಂಡಿತು. ಊರು ಯಾವುದೆಂಬುದಕ್ಕಿಂತ ಬಂದ ಊರನ್ನು ತನ್ನದಾಗಿಸಿಕೊಳ್ಳುವ ಮನಸ್ಸಿದೆಯೇ ಎಂಬುದು ಮುಖ್ಯ. ಅದನ್ನು ಕಂಡುಕೊಳ್ಳಬೇಕಾದರೆ ಆ ಊರಿನವರನ್ನು ಕೇಳಬೇಕು.

ಇನ್ನು ಕಾನೂನಿನ ಮಾತು. ಸಂವಿಧಾನದ ೩೦ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸುವ ಮತ್ತು ಆಡಳಿತ ನಡೆಸುವ ಹಕ್ಕನ್ನು ಕೊಟ್ಟಿದೆ. ಈ ಹಕ್ಕಿನ ಹೃದಯವಿರುವುದು ಮುಖ್ಯಸ್ಥರ ಆಯ್ಕೆಯಲ್ಲಿ ಎಂದು ಸರ್ವೋಚ್ಚ ನ್ಯಾಯಾಲಯ ಮತ್ತೆ ಮತ್ತೆ ಹೇಳಿದೆ. ಅವುಗಳಲ್ಲಿ ಅಹಮದಾಬಾದಿನ ಸಂತ ಕ್ಸೇವಿಯರ್ ಕಾಲೇಜಿನ ಮೊಕದ್ದಮೆ ನಾವು ಎಚ್ಚರದಿಂದ ಓದಬೇಕಾದದ್ದು. ೧೯೭೪ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ನಿರ್ಣಯಿಸಿತು. ಗುಜರಾತ್ ವಿಶ್ವವಿದ್ಯಾಲಯ ಕಾಯಿದೆಯ ೩೩-ಎ ಪ್ರಕರಣವು ಪ್ರತಿ ಕಾಲೇಜಿನ ಆಡಳಿತ ಮಂಡಳಿಯಲ್ಲಿ ಕುಲಪತಿಗಳ ಪ್ರತಿನಿಧಿ, ಅಧ್ಯಾಪಕರ ಪ್ರತಿನಿಧಿಗಳು, ಬೋಧಕೇತರ ನೌಕರರ ಪ್ರತಿನಿಧಿ ಹಾಗೂ ವಿದ್ಯಾರ್ಥಿ ಪ್ರತಿನಿಧಿ ಇರಲೇಬೇಕೆಂದೂ, ಪ್ರಾಂಶುಪಾಲರ ಆಯ್ಕೆ ಸಮಿತಿಯಲ್ಲಿ ಕುಲಪತಿಗಳು ಸೂಚಿಸಿದವರು ಕೂರಬೇಕೆಂದೂ ವಿಧಿಸಿತ್ತು. ಅಲ್ಪಸಂಖ್ಯಾತ ಸಂಸ್ಥೆಗಳ ಮೇಲೆ ಇದನ್ನು ಹೇರಲಾಗದೆಂದು ನ್ಯಾಯಾಲಯ ತೀರ್ಮಾನಿಸಿತು. ನಮ್ಮವರು ಸಂತೋಷಪಟ್ಟರು, ಸಂತೋಷಪಡಬೇಕಾದದ್ದೇ. ಸರ್ಕಾರದ ಕೈ ಪ್ರಾಂಶುಪಾಲರ ಕುರ್ಚಿಯವರೆಗೆ ಚಾಚಿದ್ದರೆ ಸಂಸ್ಥೆಯ ಗುಣವೇ ಉಳಿಯುತ್ತಿರಲಿಲ್ಲ.

ಆದರೆ ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿರಿ. ಅಧ್ಯಾಪಕರು, ನೌಕರರು, ವಿದ್ಯಾರ್ಥಿಗಳು. ಇವರು ಹೊರಗಿನ ಶತ್ರುಗಳಲ್ಲ, ಸಂಸ್ಥೆಯ ಒಳಗಿನವರೇ. ಇವರನ್ನು ಕೇಳಕೂಡದೆಂದು ನ್ಯಾಯಾಲಯ ಹೇಳಲಿಲ್ಲ. ಕೇಳಲೇಬೇಕೆಂದು ಸರ್ಕಾರ ಬಲವಂತಪಡಿಸಲಾಗದೆಂದಷ್ಟೇ ಹೇಳಿತು. ಬಲವಂತವಿಲ್ಲದಿದ್ದಾಗ ಸ್ವಇಚ್ಛೆಯಿಂದ ಕೇಳುವ ಅವಕಾಶ ನಮ್ಮ ಪಾಲಿಗೆ ಉಳಿಯಿತು. ಐವತ್ತು ವರ್ಷಗಳಲ್ಲಿ ಆ ಅವಕಾಶವನ್ನು ನಾವು ಎಷ್ಟು ಬಳಸಿಕೊಂಡೆವು ಎಂಬುದೇ ಈ ಲೇಖನದ ಪ್ರಶ್ನೆ.

೨೦೦೬ರ ನವೆಂಬರ್‌ನಲ್ಲಿ ಕೇರಳದ ಮಲಂಕರ ಸಿರಿಯನ್ ಕಥೋಲಿಕ ಕಾಲೇಜಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸರ್ಕಾರದ ಅನುದಾನ ಪಡೆಯುವ ಅಲ್ಪಸಂಖ್ಯಾತ ಕಾಲೇಜು ಕೂಡ ಸೇವಾಹಿರಿತನವನ್ನು ಬದಿಗಿಟ್ಟು ತನಗೆ ಸೂಕ್ತರೆಂದು ತೋರಿದವರನ್ನು ಪ್ರಾಂಶುಪಾಲರನ್ನಾಗಿ ಆರಿಸಬಹುದು, ನಿಗದಿತ ವಿದ್ಯಾರ್ಹತೆ ಇದ್ದರೆ ಸಾಕು ಎಂದಿತು. ಇದರ ಭಾರ ಬೀಳುವುದು ಯಾರ ಮೇಲೆ ಎಂಬುದನ್ನು ಅಧ್ಯಾಪಕರ ಕೊಠಡಿಯಲ್ಲಿ ಕುಳಿತವರು ಬಲ್ಲರು. ಇಪ್ಪತ್ತೈದು ವರ್ಷ ಪಾಠ ಹೇಳಿ, ಭಾನುವಾರ ಅದೇ ಸಂಸ್ಥೆಯ ಪೂಜಾಮಂದಿರದಲ್ಲಿ ಮಕ್ಕಳೊಡನೆ ಮೊಣಕಾಲೂರುವ ಶ್ರೀಸಾಮಾನ್ಯ ಕಥೋಲಿಕ ಅಧ್ಯಾಪಕಿಗೆ, ತಾನೇ ಕಲಿಸಿದ ಕಿರಿಯ ಗುರುಗಳು ಮೇಲಧಿಕಾರಿಯಾಗಿ ಬಂದಾಗ ಏನನ್ನಿಸಬೇಕು? ಬಂದವರು ಯೋಗ್ಯರೇ ಇರಬಹುದು. ಅನೇಕ ಸಲ ಯೋಗ್ಯರೇ ಇರುತ್ತಾರೆ. ಆದರೆ ತನ್ನ ಹೆಸರು ಯಾರ ಬಾಯಲ್ಲೂ ಬರಲೇ ಇಲ್ಲವೆಂಬ ಅರಿವು ಕಹಿಯಾದದ್ದು.

ಹಿರಿತನವೇ ಅರ್ಹತೆಯಲ್ಲವೆಂಬ ಮಾತನ್ನು ಧರ್ಮಸಭೆ ನ್ಯಾಯಾಲಯದಿಂದ ಕಲಿಯಬೇಕಾಗಿರಲಿಲ್ಲ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯಲ್ಲಿ, ಮಠಾಧಿಪತಿಯನ್ನು ಆರಿಸುವಾಗ ಬದುಕಿನ ಸದ್ಗುಣವನ್ನೂ ವಿವೇಕವನ್ನೂ ನೋಡಬೇಕು, ಆತ ಸಾಲಿನಲ್ಲಿ ಕಟ್ಟಕಡೆಯವನಾಗಿದ್ದರೂ ಸರಿ ಎಂದು ವಿಧಿಸಿದ್ದರು. ಅದೇ ನಿಯಮಾವಳಿ ಇನ್ನೊಂದು ಕಡೆ, ಮಹತ್ವದ ವಿಷಯ ಬಂದಾಗಲೆಲ್ಲ ಅಧಿಪತಿ ಇಡೀ ಸಮುದಾಯವನ್ನು ಕರೆದು ಕೇಳಬೇಕು, ದೇವರು ಎಷ್ಟೋ ಸಲ ಒಳ್ಳೆಯದನ್ನು ಕಿರಿಯರಿಗೇ ತಿಳಿಸುತ್ತಾನೆ ಎನ್ನುತ್ತದೆ. ಇವೆರಡರಲ್ಲಿ ಮೊದಲನೆಯದನ್ನಷ್ಟೇ ನಾವು ಜತನವಾಗಿ ಕಾಪಾಡಿಕೊಂಡು ಬಂದಂತೆ ಕಾಣುತ್ತದೆ.

ಪ್ರೇಷಿತರ ಕಾರ್ಯಕಲಾಪಗಳಲ್ಲಿಯೂ ಎರಡು ಆಯ್ಕೆಗಳಿವೆ. ಯೂದನ ಸ್ಥಾನಕ್ಕೆ ಇನ್ನೊಬ್ಬರು ಬೇಕಾದಾಗ ಸುಮಾರು ನೂರಿಪ್ಪತ್ತು ಜನ ಸೇರಿದ್ದ ಸಭೆಯಲ್ಲಿ ಎರಡು ಹೆಸರುಗಳನ್ನು ಮುಂದಿಟ್ಟು, ಪ್ರಾರ್ಥಿಸಿ, ಚೀಟಿ ಎತ್ತಿದರು. ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆಯೆಂಬ ಗೊಣಗಾಟ ಎದ್ದಾಗ, ಹನ್ನೆರಡು ಮಂದಿ ಪ್ರೇಷಿತರು ಏಳು ಜನರನ್ನು ತಾವೇ ಹೆಸರಿಸಲಿಲ್ಲ. ಆರಿಸಿ ತನ್ನಿರೆಂದು ಭಕ್ತಸಮೂಹಕ್ಕೆ ಹೇಳಿ, ಆರಿಸಿ ತಂದವರ ಮೇಲೆ ಕೈಯಿಟ್ಟು ನೇಮಿಸಿದರು. ಆರಿಸುವವರು ಒಬ್ಬರು, ನೇಮಿಸುವವರು ಇನ್ನೊಬ್ಬರು. ಅಧಿಕಾರಕ್ಕೆ ಕುಂದು ಬರಲಿಲ್ಲ, ಗೊಣಗಾಟವೂ ನಿಂತಿತು.

ಧರ್ಮಸಭೆಯ ೧೯೮೩ರ ಕಾನೂನು ಸಂಹಿತೆಯೂ ಈ ವಿಷಯದಲ್ಲಿ ಮೌನವಾಗಿಲ್ಲ. ಅದರ ೧೨೭ನೆಯ ವಿಧಿಯು ಸಮ್ಮತಿ ಮತ್ತು ಸಲಹೆಗಳ ನಡುವಣ ವ್ಯತ್ಯಾಸವನ್ನು ಬಿಡಿಸಿಟ್ಟಿದೆ. ಮೇಲಧಿಕಾರಿಗಳು ಯಾರದಾದರೂ ಸಮ್ಮತಿ ಪಡೆಯಬೇಕೆಂದು ಕಾನೂನು ಹೇಳಿದಲ್ಲಿ ಅದಿಲ್ಲದೆ ಮಾಡಿದ ಕಾರ್ಯ ಅಸಿಂಧು. ಸಲಹೆ ಪಡೆಯಬೇಕೆಂದಿದ್ದಲ್ಲಿ ಅದರಂತೆ ನಡೆಯಲೇಬೇಕೆಂದಿಲ್ಲ, ಆದರೆ ಅವರನ್ನು ಕೇಳಿಸಿಕೊಳ್ಳದೆ ಮಾಡಿದ ಕಾರ್ಯವೂ ಅಸಿಂಧುವೇ. ಜ್ಞಾನಭಾರತಿಯ ನೇಮಕದಲ್ಲಿ ನ್ಯಾಯಾಲಯ ಹಿಡಿದ ಎಳೆ ಇದಕ್ಕೆಷ್ಟು ಹತ್ತಿರ! ನಮ್ಮ ಧಾರ್ಮಿಕ ಸಭೆಗಳ ಒಳಗೆ ಈ ಪದ್ಧತಿ ಜೀವಂತವಾಗಿಯೂ ಇದೆ. ಯೇಸುಸಭೆಯಲ್ಲಿ ಪ್ರಮುಖ ಹುದ್ದೆಗಳಿಗೆ ಅನೇಕರ ಅಭಿಪ್ರಾಯವನ್ನು ಲಿಖಿತವಾಗಿ ಸಂಗ್ರಹಿಸಿ, ಮೂರು ಹೆಸರುಗಳ ಪಟ್ಟಿಯನ್ನು ರೋಮಿಗೆ ಕಳುಹಿಸುವ ಕ್ರಮವಿದೆ. ಅಂದರೆ ಕೇಳುವ ಕಲೆ ನಮಗೆ ಹೊಸತಲ್ಲ. ಅದು ಮಠದ ಹೊಸ್ತಿಲು ದಾಟಿ ಅಧ್ಯಾಪಕರ ಕೊಠಡಿಗೆ ಬಂದಿಲ್ಲ, ಅಷ್ಟೆ.

ಅಮೆರಿಕದ ಸಮುದಾಯ ಕಾಲೇಜುಗಳಲ್ಲಿ ಅಧ್ಯಕ್ಷರೆಂದು ಕರೆಯಲಾಗುವ ಮುಖ್ಯಸ್ಥರನ್ನು ನೇಮಿಸುವುದು ಧರ್ಮದರ್ಶಿ ಮಂಡಳಿ. ಕೆಲವು ರಾಜ್ಯಗಳಲ್ಲಿ ಆ ಮಂಡಳಿಯನ್ನೇ ಊರಿನ ಮತದಾರರು ಚುನಾಯಿಸುತ್ತಾರೆ. ಅಧ್ಯಾಪಕರು, ನೌಕರರು, ವಿದ್ಯಾರ್ಥಿಗಳು, ಊರ ಪ್ರಮುಖರು ಸೇರಿದ ಶೋಧನಾ ಸಮಿತಿ ಅರ್ಜಿಗಳನ್ನು ಜಾಲಾಡುತ್ತದೆ. ಕೊನೆಗುಳಿದ ಮೂರು-ನಾಲ್ಕು ಹೆಸರುಗಳನ್ನು ಪ್ರಕಟಿಸಿ, ಆ ಅಭ್ಯರ್ಥಿಗಳನ್ನು ಬಹಿರಂಗ ಸಭೆಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವ ವಾಡಿಕೆ ಅನೇಕ ಕಡೆಗಳಲ್ಲಿದೆ. ಇದನ್ನು ಹಾಗೆಯೇ ಇಲ್ಲಿಗೆ ತರಬೇಕೆಂಬುದು ಈ ಲೇಖಕನ ಅಭಿಪ್ರಾಯವಲ್ಲ. ಬಹಿರಂಗ ಸಭೆಯಲ್ಲಿ ಸೋತವರು ಮರುದಿನ ತಮ್ಮ ಹಳೆಯ ಕೆಲಸಕ್ಕೆ ಮರಳುವಾಗ ಪಡುವ ಮುಜುಗರ ಸಣ್ಣದಲ್ಲ. ನಮ್ಮಲ್ಲಂತೂ ಜಾತಿ, ಭಾಷೆ, ಧರ್ಮಪ್ರಾಂತ್ಯಗಳ ಗುಂಪುಗಾರಿಕೆ ಅಂತಹ ಸಭೆಯನ್ನು ಚುನಾವಣಾ ಕಣವನ್ನಾಗಿಸೀತು.

ಜಾರ್ಜ್‌ಟೌನ್‌ನ ನಿದರ್ಶನ ನಮಗೆ ಹೆಚ್ಚು ಹತ್ತಿರದ್ದು. ೧೭೮೯ರಲ್ಲಿ ಸ್ಥಾಪನೆಯಾದ, ಯೇಸುಸಭೆಯ ಆ ವಿಶ್ವವಿದ್ಯಾಲಯಕ್ಕೆ ೨೦೦೧ರಲ್ಲಿ ಮೊದಲ ಬಾರಿಗೆ ಶ್ರೀಸಾಮಾನ್ಯರೊಬ್ಬರು, ಜಾನ್ ಡಿಜೋಯಾ, ಅಧ್ಯಕ್ಷರಾದರು. ನ್ಯೂಯಾರ್ಕಿನ ಫೋರ್ಡಂ ವಿಶ್ವವಿದ್ಯಾಲಯದಲ್ಲಿ ೨೦೨೨ರಲ್ಲಿ ಟಾನಿಯಾ ಟೆಟ್ಲೋ ಎಂಬ ಮಹಿಳೆ ಆ ಸ್ಥಾನಕ್ಕೆ ಬಂದರು. ಪೋಪ್ ಎರಡನೆಯ ಜಾನ್ ಪಾಲರು ೧೯೯೦ರಲ್ಲೇ ಕಥೋಲಿಕ ವಿಶ್ವವಿದ್ಯಾಲಯಗಳ ಕುರಿತ ತಮ್ಮ ಪ್ರೇಷಿತ ಸಂವಿಧಾನದಲ್ಲಿ, ಈ ಸಂಸ್ಥೆಗಳ ಭವಿಷ್ಯ ಬಹುಮಟ್ಟಿಗೆ ಸಮರ್ಥ ಶ್ರೀಸಾಮಾನ್ಯ ಕಥೋಲಿಕರ ಸೇವೆಯನ್ನು ಅವಲಂಬಿಸಿದೆಯೆಂದು ಹೇಳಿದ್ದರು.

ಸಂಸಾರವಂದಿಗರು ಗುರುಗಳಂತೆ ಇಪ್ಪತ್ತನಾಲ್ಕು ಗಂಟೆ ಸಂಸ್ಥೆಗೆ ಮುಡಿಪಾಗಬಲ್ಲರೇ ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಬೆಂಗಳೂರಿನವರು ಡಾ. ಎಚ್. ನರಸಿಂಹಯ್ಯನವರನ್ನು ಮರೆತಿಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದು, ೧೯೭೨ರಿಂದ ೧೯೭೭ರವರೆಗೆ ಇದೇ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ ಅವರು ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ ದಶಕಗಳ ಕಾಲ ಬದುಕಿದರು. ಪವಾಡಗಳನ್ನು ಪರೀಕ್ಷೆಗೊಡ್ಡಿದ ಆ ವಿಚಾರವಾದಿಯೊಡನೆ ನಮಗೆ ಭಿನ್ನಾಭಿಪ್ರಾಯಗಳು ಇರಬಹುದು. ವಿದ್ಯಾಸಂಸ್ಥೆಗೆ ಮುಡಿಪಾಗಲು ದೀಕ್ಷೆಯೊಂದೇ ದಾರಿಯಲ್ಲವೆಂಬುದನ್ನಂತೂ ಅವರು ತೋರಿಸಿಕೊಟ್ಟರು. ಅವರು ಅವಿವಾಹಿತರಾಗಿದ್ದರಲ್ಲವೇ ಎಂದು ಓದುಗರು ಕೇಳಬಹುದು. ನಿಜ. ಆದರೆ ಕಾಲೇಜನ್ನು ಕಟ್ಟಿದ ಸಂಸಾರಿಗಳೂ ಈ ನಾಡಿನಲ್ಲಿ ಬೇಕಾದಷ್ಟಿದ್ದಾರೆ.

ಹಾಗಾದರೆ ಮಾಡಬೇಕಾದದ್ದೇನು? ಮೊದಲಿಗೆ, ಹುದ್ದೆ ತೆರವಾಗುವ ಆರು ತಿಂಗಳ ಮುಂಚೆ ಆಡಳಿತ ಮಂಡಳಿಯು ಸಂಸ್ಥೆಯ ಮುಂದಿನ ಐದು ವರ್ಷಗಳ ಅಗತ್ಯವೇನೆಂಬುದನ್ನು ಒಂದು ಪುಟದಲ್ಲಿ ಬರೆದು ಎಲ್ಲರಿಗೂ ತೋರಿಸಲಿ. ಅಗತ್ಯ ಯಾವುದೆಂದು ತಿಳಿಯದೆ ವ್ಯಕ್ತಿಯನ್ನು ಹುಡುಕುವುದು ಅಳತೆ ತೆಗೆಯದೆ ಅಂಗಿ ಹೊಲಿದಂತೆ. ಅನಂತರ ಹೆಸರುಗಳನ್ನು ಸೂಚಿಸಲು ಅಧ್ಯಾಪಕರಿಗೂ ನೌಕರರಿಗೂ ಹಳೆಯ ವಿದ್ಯಾರ್ಥಿಗಳಿಗೂ ಅವಕಾಶವಿರಲಿ. ದೀಕ್ಷಿತರ ಹೆಸರೂ ಶ್ರೀಸಾಮಾನ್ಯರ ಹೆಸರೂ ಒಂದೇ ಪಟ್ಟಿಯಲ್ಲಿ ಬರಲಿ. ಸಮುದಾಯ ಕಾಲೇಜಾದರೆ, ಅಲ್ಲಿ ಕಲಿತು ಕೆಲಸಕ್ಕೆ ಸೇರಿದ ಒಬ್ಬ ಹುಡುಗಿಯೂ, ತರಬೇತಿ ಪಡೆದವರನ್ನು ಕೆಲಸಕ್ಕೆ ತೆಗೆದುಕೊಂಡ ಒಬ್ಬ ಉದ್ಯಮಿಯೂ, ಧರ್ಮಕೇಂದ್ರದ ಪಾಲನಾ ಮಂಡಳಿಯ ಒಬ್ಬರೂ ಸಮಾಲೋಚನೆಯ ಮೇಜಿನ ಮುಂದೆ ಕೂರಲಿ. ಮಾತುಕತೆ ಗುಟ್ಟಾಗಿಯೇ ಇರಲಿ, ಅಡ್ಡಿಯಿಲ್ಲ. ಸಮಾಲೋಚನೆ ನಡೆಯಿತೆಂಬುದು ಗುಟ್ಟಾಗಬೇಕಿಲ್ಲ. ಕೊನೆಯ ತೀರ್ಮಾನ ಧರ್ಮಾಧ್ಯಕ್ಷರದೋ ಪ್ರಾಂತ್ಯಾಧಿಕಾರಿಗಳದೋ ಆಗಿರಲಿ. ಅದು ಅವರ ಹಕ್ಕು, ಮತ್ತು ನ್ಯಾಯಾಲಯಗಳಲ್ಲಿ ಕಷ್ಟಪಟ್ಟು ಉಳಿಸಿಕೊಂಡ ಹಕ್ಕು. ಆರಿಸಿದ ಮೇಲೆ ಯಾಕೆ ಇವರು ಎಂಬುದನ್ನು ಅಧ್ಯಾಪಕರ ಸಭೆಯಲ್ಲಿ ನಾಲ್ಕು ಮಾತುಗಳಲ್ಲಿ ತಿಳಿಸಲಿ, ಅವಧಿ ಎಷ್ಟೆಂದೂ ಆಗಲೇ ಹೇಳಲಿ.

ಕೇಳುವವರಿಗಿರುವಂತೆ ಹೇಳುವವರಿಗೂ ಹೊಣೆಯಿದೆ. ಮೇಲೆ ಹೇಳಿದ ೧೨೭ನೆಯ ವಿಧಿಯ ಮೂರನೆಯ ಭಾಗವು, ಸಲಹೆ ಕೇಳಲ್ಪಟ್ಟವರು ತಮ್ಮ ಅಭಿಪ್ರಾಯವನ್ನು ಪ್ರಾಮಾಣಿಕವಾಗಿ ತಿಳಿಸಬೇಕು, ವಿಷಯ ಗಂಭೀರವಾಗಿದ್ದರೆ ಗುಟ್ಟನ್ನು ಕಾಯಬೇಕು ಎನ್ನುತ್ತದೆ. ಚಹಾದ ಬಿಡುವಿನಲ್ಲಿ ಪಿಸುಗುಟ್ಟುವುದು ಸುಲಭ; ಕಾಗದದ ಮೇಲೆ ಹೆಸರು, ಕಾರಣ ಬರೆದು ಕೆಳಗೆ ಸಹಿ ಹಾಕುವುದು ಕಷ್ಟ. ಬೇಸಿಗೆಯ ವರ್ಗಾವಣೆ ಪತ್ರಗಳು ಸಿದ್ಧವಾಗುವ ಮುನ್ನ, ನವೆಂಬರ್-ಡಿಸೆಂಬರ್ ತಿಂಗಳಲ್ಲೇ ಅಂತಹದೊಂದು ಕಾಗದವನ್ನು ಅಧ್ಯಾಪಕರ ಕೈಗೆ ಕೊಟ್ಟು ನೋಡಲು ಯಾವ ಸಂಸ್ಥೆಗೂ ಸರ್ಕಾರದ ಅಪ್ಪಣೆ ಬೇಕಾಗಿಲ್ಲ.